ಒಂಬತ್ತು ಸೆಲ್‌ನ ನಯೋಬಿಯಂ ಕ್ಯಾವಿಟಿಯಲ್ಲಿ ಫ್ಲ್ಯಾಟ್‌ನೆಸ್ 62% ಬಂದರೆ ಏನು ಮಾಡಬೇಕು?

ಓದುಗರ ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ನಮ್ಮ ವರ್ಕ್‌ಶಾಪ್ ಮೊದಲ ಸಲ 1.3 ಗಿಗಾಹರ್ಟ್ಸ್‌ನ, ಟೆಸ್ಲಾ ಮಾದರಿಯ ಒಂಬತ್ತು ಸೆಲ್ ಕ್ಯಾವಿಟಿಯೊಂದನ್ನು (ಕಣವೇಗವರ್ಧಕದಲ್ಲಿ ರೇಡಿಯೋ ಅಲೆಗಳಿಂದ ಕಣಗಳಿಗೆ ಶಕ್ತಿ ಕೊಡುವ ಟೊಳ್ಳು ಲೋಹದ ಕೋಶಗಳ ಸಾಲು) ಮಾಡಿದೆ. ವೆಲ್ಡಿಂಗ್ ಮುಗಿದು, ಒಳಮೈಯಿಂದ ಸರಾಸರಿ 120 ಮೈಕ್ರಾನ್ ಎಲೆಕ್ಟ್ರೋಪಾಲಿಶ್ (ಆಸಿಡ್‌ನಲ್ಲಿ ವಿದ್ಯುತ್ ಹರಿಸಿ ಲೋಹ ಕರಗಿಸುವುದು) ಆಗಿ, 800 ಡಿಗ್ರಿಯ ವ್ಯಾಕ್ಯೂಮ್ ಫರ್ನೇಸ್‌ನಿಂದಲೂ ಹೊರಬಂದಿದೆ. ಬೆಂಚ್ ಮೇಲೆ ಪೈ ಮೋಡ್ (ಅಕ್ಕಪಕ್ಕದ ಸೆಲ್‌ಗಳಲ್ಲಿ ಕ್ಷೇತ್ರ ಎದುರು ದಿಕ್ಕಿನಲ್ಲಿರುವ, ಕಣಗಳಿಗೆ ಶಕ್ತಿ ಕೊಡುವ ಕಂಪನ) 1298.6 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತಿದೆ, ಬೇಕಾಗಿದ್ದದ್ದು 1297.7. ಬೀಡ್-ಪುಲ್ ಮಾಡಿದಾಗ (ದಾರಕ್ಕೆ ಕಟ್ಟಿದ ಸಣ್ಣ ಮಣಿಯನ್ನು ಒಳಗೆ ಎಳೆದು ಅಳೆದಾಗ) ಸೆಲ್ 1ರಿಂದ 9ರವರೆಗೆ ಕ್ಷೇತ್ರ ಹೀಗೆ ಬಂತು: 100, 96, 92, 88, 84, 76, 70, 66, 62. ಅಂದರೆ ಫ್ಲ್ಯಾಟ್‌ನೆಸ್ (ಅತಿ ಕಡಿಮೆ ಕ್ಷೇತ್ರ ಅತಿ ಹೆಚ್ಚಿನದರ ಶೇಕಡಾ ಎಷ್ಟು ಎಂಬುದು) 62%. ಒಬ್ಬರು ಕ್ಯಾವಿಟಿ ಹಾಳಾಯಿತು ಅನ್ನುತ್ತಾರೆ. ಇನ್ನೊಬ್ಬರು 80 ಮೈಕ್ರಾನ್ ಮತ್ತೆ ಕರಗಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಮತ್ತೊಬ್ಬರ ಪ್ರಕಾರ ಕೋಲ್ಡ್ ಟ್ಯೂನರ್ (ಯಂತ್ರದಲ್ಲಿ ತಣ್ಣಗಿರುವ ಕ್ಯಾವಿಟಿಯ ಕಂಪನಾಂಕ ಹೊಂದಿಸುವ ಸಾಧನ) ಇರುವಾಗ ಈ ತಲೆನೋವೇ ಬೇಡ. 9ನೇ ಸೆಲ್ ಹಿಂಡಿ ನೋಡೋಣ ಎಂದರೆ ವೆಲ್ಡ್ ಬಿರುಕು ಬಿಡುವ ಭಯ. ಎಲ್ಲಿಂದ ಶುರುಮಾಡಲಿ?

ಉತ್ತರ: ಕ್ಯಾವಿಟಿ ಹಾಳಾಗಿಲ್ಲ. ಟ್ಯೂನಿಂಗ್ ಆಗದ ಒಂಬತ್ತು ಸೆಲ್‌ನ ಕ್ಯಾವಿಟಿ ಮೊದಲ ಅಳತೆಯಲ್ಲೇ 98% ತೋರಿಸಿದ್ದರೆ ನಾನು ಅಳತೆಯನ್ನು ಅನುಮಾನಿಸುತ್ತಿದ್ದೆ. 62% ಎಂಬುದು ಈ ಹಂತದಲ್ಲಿ ಮಾಮೂಲು ಸಂಖ್ಯೆ. ಕೈ ಹಾಕುವ ಮೊದಲು ಎರಡು ವಿಷಯ ಖಚಿತವಾಗಬೇಕು: ನಿಮ್ಮ 1297.7 ಎಂಬ ಗುರಿ ಸರಿಯಾಗಿದೆಯೇ, ಮತ್ತು ಆ ಒಂಬತ್ತು ಸಂಖ್ಯೆಗಳು ನಿಜಕ್ಕೂ ಏನು ಹೇಳುತ್ತಿವೆ. 9ನೇ ಸೆಲ್ ಹಿಂಡುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಅದು ಉಲ್ಟಾ ಹೊಡೆಯುತ್ತದೆ, ಏಕೆಂದು ಮುಂದೆ ಹೇಳುತ್ತೇನೆ.

ಗುರಿಯ ಲೆಕ್ಕ ಮೊದಲು ನೋಡೋಣ. ಯಂತ್ರದಲ್ಲಿ ಕ್ಯಾವಿಟಿ 2 ಕೆಲ್ವಿನ್ ದ್ರವ ಹೀಲಿಯಂನಲ್ಲಿ, ಒಳಗೆ ನಿರ್ವಾತದಲ್ಲಿ, 1300 ಮೆಗಾಹರ್ಟ್ಸ್‌ಗೆ ನಿಲ್ಲಬೇಕು. ಕೋಣೆಯ ಉಷ್ಣತೆಯಿಂದ ಅಲ್ಲಿಗೆ ಇಳಿಯುವಾಗ ನಯೋಬಿಯಂ ಸುಮಾರು 0.143% ಕುಗ್ಗುತ್ತದೆ. ಅಷ್ಟೇ ಪ್ರಮಾಣದಲ್ಲಿ ಕಂಪನಾಂಕ ಏರುತ್ತದೆ: 1.86 ಮೆಗಾಹರ್ಟ್ಸ್. ಒಳಗಿನ ಗಾಳಿ ಹೊರಹೋದಾಗ ಇನ್ನಷ್ಟು ಏರುತ್ತದೆ. ಸಮುದ್ರಮಟ್ಟದ ಒಣಗಾಳಿಗೆ ಇದು ಸುಮಾರು 0.34, 900 ಮೀಟರ್ ಎತ್ತರದ ಬೆಂಗಳೂರಿನಂಥ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ 0.31. ತೇವ ಸೇರಿದರೆ ಲೆಕ್ಕ ಬದಲಾಗುತ್ತದೆ. 25 ಡಿಗ್ರಿಯಲ್ಲಿ 50% ತೇವಾಂಶವಿದ್ದರೆ ನೀರಾವಿಯೊಂದೇ 90 ಕಿಲೋಹರ್ಟ್ಸ್‌ನಷ್ಟು ಕೆಳಗೆಳೆಯುತ್ತದೆ. ಮಳೆಗಾಲದಲ್ಲಿ ಅಳೆದದ್ದನ್ನು ಬೇಸಿಗೆಯ ಅಳತೆಯೊಂದಿಗೆ ಹೋಲಿಸಿ ಗಾಬರಿಯಾಗುವವರು ಇದನ್ನೇ ಮರೆತಿರುತ್ತಾರೆ. ಎಲ್ಲ ಕಳೆದರೆ ಬೆಂಚ್ ಮೇಲಿನ ಗುರಿ 1297.7ರಿಂದ 1297.8ರ ನಡುವೆ ಬರುತ್ತದೆ. ಅಷ್ಟರಮಟ್ಟಿಗೆ ನಿಮ್ಮ ಲೆಕ್ಕ ಸರಿ.

ಆದರೆ ಟ್ಯೂನಿಂಗ್ ಆದ ಮೇಲೆ ನೀವು ಕೊನೆಯ ಎಲೆಕ್ಟ್ರೋಪಾಲಿಶ್ ಮಾಡುವವರಿದ್ದೀರಲ್ಲವೇ? 25 ಮೈಕ್ರಾನ್ ತೆಗೆದರೂ ಕಂಪನಾಂಕ 0.2ರಿಂದ 0.3 ಮೆಗಾಹರ್ಟ್ಸ್‌ನಷ್ಟು ಇಳಿದೀತು. ಜೊತೆಗೆ ಕೋಲ್ಡ್ ಟ್ಯೂನರ್ ಯಾವತ್ತೂ ಒಂದೇ ಕಡೆಗೆ ಸ್ವಲ್ಪ ಬಿಗಿಯಾಗಿ ಕೂತಿರಬೇಕು, ಸಡಿಲ ಬಿಟ್ಟರೆ ಬ್ಯಾಕ್‌ಲ್ಯಾಷ್ (ಭಾಗಗಳ ನಡುವಿನ ಸಡಿಲಾಟ) ಬರುತ್ತದೆ. ಆ ಬಿಗಿತಕ್ಕೂ ಒಂದಿಷ್ಟು ಕಿಲೋಹರ್ಟ್ಸ್ ಮೀಸಲಿಡಬೇಕು. ಇವೆರಡೂ 1297.7ರಲ್ಲಿ ಸೇರಿಲ್ಲದಿದ್ದರೆ ಗುರಿಯನ್ನು ಈಗಲೇ ತಿದ್ದಿ. ಆಗ ನೀವು ಇಳಿಸಬೇಕಾದ್ದು 0.9 ಅಲ್ಲ, 0.6ರ ಆಸುಪಾಸು ಇದ್ದೀತು. ಕೆಳಗಿನ ಲೆಕ್ಕಗಳನ್ನು ನೀವು ಕೊಟ್ಟ 0.9 ಇಟ್ಟುಕೊಂಡೇ ಮಾಡಿದ್ದೇನೆ. ನಿಮ್ಮ ಸಂಖ್ಯೆ ಹಾಕಿಕೊಳ್ಳಿ.

ಇನ್ನು ಅಳತೆ. ಮೊದಲಿಗೆ ನೀವು ನೋಡುತ್ತಿರುವುದು ಪೈ ಮೋಡ್ ಹೌದೋ ಅಲ್ಲವೋ ತಿಳಿಯಬೇಕು. ಒಂಬತ್ತು ಸೆಲ್‌ಗೆ ಒಂಬತ್ತು ಮೋಡ್. ಸುಮಾರು 24 ಮೆಗಾಹರ್ಟ್ಸ್ ಅಗಲದಲ್ಲಿ ಅವು ಹರಡಿವೆ, ತುದಿಗೆ ಬಂದಂತೆ ಒತ್ತೊತ್ತಾಗುತ್ತವೆ. ಎಲ್ಲಕ್ಕಿಂತ ಮೇಲಿರುವುದು ಪೈ ಮೋಡ್. ಅದರ ಕೆಳಗಿನ 8ಪೈ/9 ಮೋಡ್ ಬರೀ ಮುಕ್ಕಾಲು ಮೆಗಾಹರ್ಟ್ಸ್ ದೂರದಲ್ಲಿದೆ. ಕಂಪನಾಂಕ ನೋಡಿ ಗುರುತಿಸಲು ಹೋದರೆ ಮೋಸಹೋಗಬಹುದು. 8ಪೈ/9ರಲ್ಲಿ 5ನೇ ಸೆಲ್ ಬಹುತೇಕ ಖಾಲಿಯಿರುತ್ತದೆ. ನಿಮ್ಮಲ್ಲಿ 5ನೆಯದು 84 ಇರುವುದರಿಂದ ಆ ಅನುಮಾನ ಬೇಡ.

ಮಣಿ ಹಾದುಹೋಗುವಾಗ ಕಂಪನಾಂಕದಲ್ಲಾಗುವ ಬದಲಾವಣೆ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿರುತ್ತದೆ. ವರ್ಗಮೂಲ ತೆಗೆಯದೆ ಪರದೆಯ ಮೇಲಿನ ಶಿಖರಗಳನ್ನೇ ಹೋಲಿಸಿದರೆ 62% ಇರುವ ಕ್ಯಾವಿಟಿ 38% ಎಂದು ಕಾಣುತ್ತದೆ. ನಿಮ್ಮ ಸಂಖ್ಯೆಗಳು ವರ್ಗಮೂಲ ತೆಗೆದವೋ ಅಲ್ಲವೋ ಒಮ್ಮೆ ನೋಡಿಕೊಳ್ಳಿ. ತೆಗೆಯದೇ ಇದ್ದರೆ ನಿಮ್ಮ ನಿಜವಾದ ಫ್ಲ್ಯಾಟ್‌ನೆಸ್ 79%, ಕೆಲಸ ಅರ್ಧ ಕಡಿಮೆಯಾಯಿತು!

ಈ ಅಳತೆಯ ನಿಜವಾದ ಶತ್ರು ಉಷ್ಣತೆ. ನಯೋಬಿಯಂ ಒಂದು ಡಿಗ್ರಿ ಬಿಸಿಯಾದರೆ ಈ ಕ್ಯಾವಿಟಿ 9.5 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಕ್ಯಾವಿಟಿಯ ಕ್ಯೂ (ಶಕ್ತಿ ಎಷ್ಟು ನಿಧಾನವಾಗಿ ನಷ್ಟವಾಗುತ್ತದೆ ಎಂಬುದರ ಅಳತೆ) ಸುಮಾರು 9,700. ಅರ್ಧ ಬ್ಯಾಂಡ್‌ವಿಡ್ತ್ 67 ಕಿಲೋಹರ್ಟ್ಸ್. ನೆಟ್‌ವರ್ಕ್ ಅನಲೈಸರ್‌ನಲ್ಲಿ ಫೇಸ್ ನೋಡಿ ಅಳೆಯುವುದಾದರೆ ಅತಿ ದೊಡ್ಡ ಶಿಖರವೂ 10 ಡಿಗ್ರಿ ಫೇಸ್ ಮೀರದಷ್ಟು ಚಿಕ್ಕ ಮಣಿ ಬಳಸಬೇಕು, ಅಂದರೆ ಸುಮಾರು 12 ಕಿಲೋಹರ್ಟ್ಸ್. ಈಗ ನೋಡಿ: ಮಣಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಕ್ಯಾವಿಟಿ 0.1 ಡಿಗ್ರಿ ಬಿಸಿಯಾದರೂ ಸುಮಾರು 1 ಕಿಲೋಹರ್ಟ್ಸ್ ಸರಿಯಿತು. ಶಿಖರದಲ್ಲಿ 8% ತಪ್ಪು, ಕ್ಷೇತ್ರದಲ್ಲಿ 4%. 98% ಬೇಕೆಂದು ಹೊರಟವರಿಗೆ ಇದು ದೊಡ್ಡ ತಪ್ಪು. ಕ್ಯಾವಿಟಿಯನ್ನು ಕೈಯಿಂದ ಹಿಡಿದು ಸರಿಸಿದ ಮೇಲೆ, ಪಕ್ಕದಲ್ಲಿ ಬಾಗಿಲು ತೆರೆದ ಮೇಲೆ, ಎಸಿಯ ಗಾಳಿ ನೇರ ಅದರ ಮೇಲೆ ಬೀಸುವಾಗ ಅಳೆಯಬೇಡಿ. ಪ್ರತಿ ಓಟದ ಕೊನೆಯಲ್ಲಿ ಬೇಸ್‌ಲೈನ್ ಆರಂಭದ ಮಟ್ಟಕ್ಕೇ ಮರಳಿದೆಯೇ ನೋಡಿ. ಮರಳದಿದ್ದರೆ ಆ ಓಟವನ್ನು ಎಸೆಯಿರಿ. ಎದುರು ದಿಕ್ಕಿನಲ್ಲಿಯೂ ಒಮ್ಮೆ ಎಳೆದು ಎರಡೂ ಒಂದೇ ಬರುತ್ತವೆಯೇ ಪರೀಕ್ಷಿಸಿ. ನೈಲಾನ್ ದಾರ ಅಕ್ಷದಲ್ಲೇ ಇರಬೇಕು, ಜೋತುಬೀಳದಷ್ಟು ಬಿಗಿಯಾಗಿರಬೇಕು. ಒಳಗೆ ಒಣ ನೈಟ್ರೋಜನ್ ನಿಧಾನವಾಗಿ ಹರಿಯಬಿಟ್ಟರೆ ತೇವದ ಗೊಡವೆಯೇ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ಷೇತ್ರ ಎಲ್ಲಿ ಅತಿ ಕಡಿಮೆಯೋ ಆ ಸೆಲ್ಲೇ ತಪ್ಪಿತಸ್ಥ ಎಂಬ ನಂಬಿಕೆ ವರ್ಕ್‌ಶಾಪ್‌ಗಳಲ್ಲಿ ಬಲವಾಗಿದೆ. ಅದು ತಪ್ಪು. ಒಂಬತ್ತು ಸೆಲ್‌ಗಳು ಐರಿಸ್‌ಗಳ (ಸೆಲ್‌ಗಳ ನಡುವಿನ ಕಿರಿದಾದ ಕಂಠಗಳ) ಮೂಲಕ ಒಂದಕ್ಕೊಂದು ಜೋಡಿಕೊಂಡಿವೆ. ಆ ಜೋಡಣೆಯ ಬಲ ಬರೀ 1.87%. ಜೋಡಣೆ ಇಷ್ಟು ದುರ್ಬಲವಾಗಿರುವುದರಿಂದಲೇ ಒಂದು ಸೆಲ್‌ನ ಸಣ್ಣ ತಪ್ಪು ಇಡೀ ಸಾಲಿನ ಕ್ಷೇತ್ರವನ್ನು ಓರೆ ಮಾಡುತ್ತದೆ. ಸೆಲ್‌ಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಈ ಸೂಕ್ಷ್ಮತೆ ಏರುತ್ತದೆ. ಇಂದೋರಿನ ವೇಗವರ್ಧಕ ಸಂಶೋಧನಾ ಕೇಂದ್ರ ಆರ್‌ಆರ್‌ಕ್ಯಾಟ್, ಅಮೆರಿಕದ ಫರ್ಮಿಲ್ಯಾಬ್‌ನವರು ಪಿಐಪಿ-2 ವೇಗವರ್ಧಕ ಯೋಜನೆಗಾಗಿ ಕೈಗೆತ್ತಿಕೊಂಡಿರುವ 650 ಮೆಗಾಹರ್ಟ್ಸ್ ಕ್ಯಾವಿಟಿಗಳಿಗೆ ಐದೇ ಸೆಲ್. ಐದರ ವರ್ಗ 25, ಒಂಬತ್ತರದು 81. ಟೆಸ್ಲಾ ಮಾದರಿ ಏಕೆ ಅಷ್ಟು ನಾಜೂಕು ಎಂಬುದಕ್ಕೆ ಇಷ್ಟು ಸಾಕು.

ತಪ್ಪಿರುವ ಸೆಲ್ ಹುಡುಕಲು ಕ್ಷೇತ್ರದ ಎತ್ತರ ನೋಡಬೇಡಿ, ಗ್ರಾಫ್ ಎಲ್ಲಿ ಮುರಿಯುತ್ತದೆ ನೋಡಿ. ಒಂದು ಸೆಲ್‌ನ ಎಡಬಲದ ಎರಡು ಮೌಲ್ಯ ಕೂಡಿಸಿ, ಅದರಿಂದ ಆ ಸೆಲ್‌ನ ಮೌಲ್ಯದ ಎರಡು ಪಟ್ಟು ಕಳೆಯಿರಿ. ಸೊನ್ನೆ ಬಂದರೆ ಆ ಸೆಲ್ ನಿರ್ದೋಷಿ, ಅದರ ಕ್ಷೇತ್ರ ಎಷ್ಟೇ ಕಡಿಮೆಯಿರಲಿ. ಋಣ ಬಂದರೆ ಆ ಸೆಲ್‌ನ ಸ್ವಂತ ಕಂಪನಾಂಕ ಜಾಸ್ತಿಯಿದೆ, ಧನ ಬಂದರೆ ಕಡಿಮೆಯಿದೆ. ತುದಿಯ ಸೆಲ್‌ಗೆ ನೆರೆಯವರು ಒಬ್ಬರೇ ಆದ್ದರಿಂದ ನೆರೆಯ ಮೌಲ್ಯದಿಂದ ಅದರ ಮೌಲ್ಯ ಕಳೆದರೆ ಆಯಿತು. ಟೆಸ್ಲಾ ಜ್ಯಾಮಿತಿಗೆ ಮುರಿತದ ಪ್ರತಿ 1%ಗೆ ಸುಮಾರು 61 ಕಿಲೋಹರ್ಟ್ಸ್ ಎಂದು ಹಿಡಿಯಿರಿ.

ನಿಮ್ಮ ಸಂಖ್ಯೆಗಳಿಗೆ ಹಚ್ಚೋಣ. 2, 3, 4ನೇ ಸೆಲ್‌ಗಳಲ್ಲಿ ಸೊನ್ನೆ. 8ರಲ್ಲೂ ಸೊನ್ನೆ: 70 ಕೂಡಿಸು 62, ಕಳೆ 132. ಕ್ಷೇತ್ರ ಬರೀ 66 ಇದ್ದರೂ 8ನೆಯದರಲ್ಲಿ ಏನೂ ತಪ್ಪಿಲ್ಲ. 1ನೆಯದರಲ್ಲಿ ಋಣ 4. ಅದು ಸುಮಾರು 240 ಕಿಲೋಹರ್ಟ್ಸ್ ಜಾಸ್ತಿಯಿದೆ. 5ನೆಯದರಲ್ಲಿ 88 ಕೂಡಿಸು 76, ಕಳೆ 168, ಋಣ 4. ಅದರ ಕ್ಷೇತ್ರ 84 ಆದ್ದರಿಂದ ಶೇಕಡಾವಾರು ಸ್ವಲ್ಪ ಹೆಚ್ಚು, 290 ಕಿಲೋಹರ್ಟ್ಸ್ ಜಾಸ್ತಿ. 6 ಮತ್ತು 7ರಲ್ಲಿ ತಲಾ ಧನ 2. ಅವು 160–170ರಷ್ಟು ಕಡಿಮೆ. 9ನೆಯದು ಧನ 4, ಕ್ಷೇತ್ರ 62; ಸುಮಾರು 390 ಕಡಿಮೆ. ಹಾಗಾಗಿ 9ನೆಯದನ್ನು ಹಿಂಡಿದರೆ ಏನಾಗುತ್ತದೆ? ಹಿಂಡಿದರೆ ಸೆಲ್‌ನ ಕಂಪನಾಂಕ ಇಳಿಯುತ್ತದೆ, ಹಿಗ್ಗಿಸಿದರೆ ಏರುತ್ತದೆ. ಈಗಾಗಲೇ ಕಡಿಮೆಯಿರುವುದನ್ನು ಇನ್ನಷ್ಟು ಇಳಿಸಿ 62ನ್ನು 50ರ ಆಸುಪಾಸಿಗೆ ತರುತ್ತಿದ್ದಿರಿ.

ಇದಕ್ಕೆ ಒಟ್ಟು ಇಳಿಕೆಯ 0.9 ಮೆಗಾಹರ್ಟ್ಸ್ ಸೇರಿಸಿ. ಇಡೀ ಕ್ಯಾವಿಟಿ 0.9 ಇಳಿಯಬೇಕಾದರೆ ಸರಾಸರಿ ಪ್ರತಿ ಸೆಲ್ ಅಷ್ಟೇ ಇಳಿಯಬೇಕು. 1ನೆಯದು 1.14, 5ನೆಯದು 1.19, 6 ಮತ್ತು 7 ತಲಾ 0.74ರಷ್ಟು, 9ನೆಯದು 0.51, ಉಳಿದ ನಾಲ್ಕು 0.9 ಇಳಿದರೆ ಫ್ಲ್ಯಾಟ್‌ನೆಸ್ಸೂ ಕಂಪನಾಂಕವೂ ಒಟ್ಟಿಗೇ ಸರಿಹೋಗುತ್ತವೆ. ಗಮನಿಸಿ, ಒಂಬತ್ತೂ ಸೆಲ್‌ಗಳನ್ನು ಹಿಂಡುವುದೇ ಇದೆ, ಯಾವುದನ್ನೂ ಹಿಗ್ಗಿಸಬೇಕಿಲ್ಲ. ಇದು ನಿಮ್ಮ ಅದೃಷ್ಟ. ಒಂದು ಸೆಲ್ ಹಿಂಡಿ, ಪಕ್ಕದ್ದು ಹಿಗ್ಗಿಸಿ, ಮತ್ತೆ ಹಿಂಡಿ ಎಂದು ಹಾವುಏಣಿಯಾಡುವ ಪರಿಸ್ಥಿತಿ ನಿಮಗಿಲ್ಲ.

ಉದ್ದದಲ್ಲಿ ಇದು ಎಷ್ಟಾಗುತ್ತದೆ? ಇಡೀ ಕ್ಯಾವಿಟಿಯನ್ನು 1 ಮಿಮೀ ಎಳೆದರೆ ಸುಮಾರು 315 ಕಿಲೋಹರ್ಟ್ಸ್ ಏರುತ್ತದೆ. ಒಂದು ಸೆಲ್‌ನ ಲೆಕ್ಕದಲ್ಲಿ ಅದು ಮಿಮೀಗೆ 2.8 ಮೆಗಾಹರ್ಟ್ಸ್. ಹಾಗಾಗಿ 1 ಮತ್ತು 5ನೇ ಸೆಲ್‌ಗಳು ಶಾಶ್ವತವಾಗಿ 0.4 ಮಿಮೀಗಿಂತ ತುಸು ಹೆಚ್ಚು, 9ನೆಯದು 0.18 ಮಿಮೀ ಕುಗ್ಗಬೇಕು. ಒಟ್ಟು ಕ್ಯಾವಿಟಿ 2.8 ಮಿಮೀ ಮೋಟಾಗುತ್ತದೆ. ಬೀಮ್‌ಗೆ ಇದರಿಂದ ತೊಂದರೆಯಿಲ್ಲ. ಸೆಲ್‌ಗೆ ಅರ್ಧ ಡಿಗ್ರಿಯಷ್ಟು ಫೇಸ್ ಜಾರುತ್ತದೆ, ಶಕ್ತಿಯ ನಷ್ಟ ಗಣನೆಗೇ ಬಾರದು. ತೊಂದರೆಯಾಗುವುದು ಹೀಲಿಯಂ ಟ್ಯಾಂಕ್ ಮತ್ತು ಟ್ಯೂನರ್ ಕೂರಿಸುವಾಗ. ಆದ್ದರಿಂದ ಹಿಂಡುವ ಮೊದಲು ಕ್ಯಾವಿಟಿಯ ಉದ್ದ ಅಳೆಯಿರಿ. ಈಗಲೇ ನಕ್ಷೆಗಿಂತ 2–3 ಮಿಮೀ ಉದ್ದವಿದ್ದರೆ ಕಣ್ಣುಮುಚ್ಚಿ ಮುಂದುವರಿಯಬಹುದು. ಈಗಾಗಲೇ ಗಿಡ್ಡವಿದ್ದರೆ ಟ್ಯಾಂಕ್ ಮಾಡುವವರನ್ನು ಮೊದಲೇ ಕೇಳಿ, ಅವರು ಎಷ್ಟು ಸರಿದೂಗಿಸಬಲ್ಲರು ಎಂದು.

ವೆಲ್ಡ್ ಬಿರುಕಿನ ಭಯ? 115 ಮಿಮೀ ಉದ್ದದ ಸೆಲ್‌ನಲ್ಲಿ 0.4 ಮಿಮೀ ಎಂದರೆ ಸರಾಸರಿ 0.35%. 2.8 ಮಿಮೀ ಹಾಳೆಯನ್ನು ಡೀಪ್ ಡ್ರಾ ಮಾಡಿ ಕಪ್ ಮಾಡುವಾಗ ಅದೇ ಲೋಹ ಇದರ ಹತ್ತಾರು ಪಟ್ಟು ಹಿಗ್ಗಿದೆ. 800 ಡಿಗ್ರಿಯಲ್ಲಿ ಕಾದ ಮೇಲೆ ಅದು ಮತ್ತೆ ಮೆತ್ತಗಾಗಿದೆ, ಡ್ರಾಯಿಂಗ್‌ನಿಂದ ಬಂದ ಗಡಸು ಹೋಗಿದೆ. ಟ್ಯೂನಿಂಗ್ ಅನ್ನು ಈ ಫರ್ನೇಸ್ ಆದ ಮೇಲೆಯೇ ಮಾಡುವುದು ಅದಕ್ಕೇ. ಹ್ಯಾಂಬರ್ಗ್‌ನ ಯುರೋಪಿಯನ್ ಎಕ್ಸ್‌ಫೆಲ್ ಎಂಬ ಎಕ್ಸ್-ಕಿರಣ ಲೇಸರ್‌ಗಾಗಿ ಜರ್ಮನಿಯ ರಿಸರ್ಚ್ ಇನ್‌ಸ್ಟ್ರುಮೆಂಟ್ಸ್ ಮತ್ತು ಇಟಲಿಯ ಝಾನೋನ್ ಮಾಡಿದ 800 ಕ್ಯಾವಿಟಿಗಳೂ ಹೀಗೆಯೇ ಹಿಂಡಿಸಿಕೊಂಡು ಹೋಗಿವೆ. ಬೇಕಿದ್ದ ಮೀಟರ್‌ಗೆ 23.6 ಮೆಗಾವೋಲ್ಟ್‌ಗಿಂತ ಸರಾಸರಿಯಲ್ಲಿ ಅವು ಹೆಚ್ಚೇ ಕೊಟ್ಟವು. ಭಯ ಇರಬೇಕಾದ್ದು ಬೇರೆ ಕಡೆ: ಮೆತ್ತಗಾದ ನಯೋಬಿಯಂಗೆ ಟ್ಯೂನಿಂಗ್ ಯಂತ್ರದ ದವಡೆಯ ಅಂಚು ತಾಗಿ ತಗ್ಗು ಬೀಳುವುದು, ಮತ್ತು ಒಂದು ಪಕ್ಕ ಹೆಚ್ಚು ಒತ್ತಿ ಕ್ಯಾವಿಟಿಯೇ ಬಾಗುವುದು.

ಹಿಂಡುವ ಕೆಲಸವನ್ನು ಮೂರು ಸುತ್ತಿನಲ್ಲಿ ಮಾಡಿ. ಒಂದೇ ಸೆಲ್‌ನಲ್ಲಿ 1.1 ಮೆಗಾಹರ್ಟ್ಸ್ ಒಮ್ಮೆಲೇ ಇಳಿಸಿದರೆ ಆ ತುದಿಯ ಕ್ಷೇತ್ರ ಮಗುಚಿಬಿದ್ದು, ಪೈ ಮೋಡ್ ನೋಡಿ ಏನನ್ನೂ ಊಹಿಸಲಾಗದ ಸ್ಥಿತಿ ಬರುತ್ತದೆ. ಮೊದಲ ಸುತ್ತಿಗೆ ಲೆಕ್ಕದ ಮೂರನೇ ಒಂದು ಭಾಗ: 1 ಮತ್ತು 5ಕ್ಕೆ 0.14 ಮಿಮೀ, 6 ಮತ್ತು 7ಕ್ಕೆ 0.09, 9ಕ್ಕೆ 0.06, ಉಳಿದವಕ್ಕೆ 0.11. ಒಂದು ತುದಿಯಿಂದ ಶುರುಮಾಡಿ ಸಾಲಾಗಿ ಹೋಗಬೇಡಿ. 1, 9, 2, 8 ಎಂದು ಎರಡೂ ಕಡೆಯಿಂದ ಒಳಗೆ ಬನ್ನಿ. ಇಲ್ಲವಾದರೆ ನಡುವೆ ಕ್ಷೇತ್ರ ಪೂರ್ತಿ ಒಂದು ಪಕ್ಕಕ್ಕೆ ವಾಲುತ್ತದೆ.

ದವಡೆ ಬಿಟ್ಟ ಮೇಲೆ ಲೋಹ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಎಷ್ಟೆಂದು ನಿಮ್ಮ ಕ್ಯಾವಿಟಿಯೇ ಹೇಳಬೇಕು. ಹಾಳೆಯ ಬ್ಯಾಚ್, ಗೋಡೆಯ ದಪ್ಪ, ಸ್ಟಿಫ್‌ನಿಂಗ್ ರಿಂಗ್‌ನ (ಸೆಲ್‌ಗಳ ನಡುವೆ ಬಿಗಿತಕ್ಕಾಗಿ ಬೆಸೆದ ಉಂಗುರ) ವೆಲ್ಡ್, ಎಲ್ಲದರ ಮೇಲೂ ಅದು ನಿಂತಿದೆ. ನಡುವಿನ ಒಂದು ಸೆಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ, ಬಿಟ್ಟು, ನೋಡಿ. ಯಾವ ಒತ್ತಿನಿಂದಾಚೆಗೆ ಕಂಪನಾಂಕ ಹಿಂತಿರುಗುವುದಿಲ್ಲವೋ ಅದೇ ನಿಮ್ಮ ಆರಂಭದ ಬಿಂದು. ಅಲ್ಲಿಂದ ಮುಂದಿನ ಪ್ರತಿ ಒತ್ತಿನಲ್ಲಿ ಎಷ್ಟು ಉಳಿಯಿತು, ಎಷ್ಟು ಪುಟಿಯಿತು ಎಂದು ಬರೆದಿಡಿ. ಎರಡನೇ ಸೆಲ್‌ನಿಂದ ಅಂದಾಜು ಕೈಗೆ ಹತ್ತುತ್ತದೆ. ಗುರಿಯನ್ನು ಯಾವಾಗಲೂ ಕಡಿಮೆ ಒತ್ತಿ, ಸಮೀಪಿಸಿ ತಲುಪಬೇಕು. ದಾಟಿಹೋದರೆ ಹಿಗ್ಗಿಸಬೇಕಾಗುತ್ತದೆ, ಹಿಂದೆಮುಂದೆ ಮಡಿಸುವಷ್ಟು ಸಲ ಲೋಹ ಮತ್ತೆ ಗಡಸಾಗುತ್ತದೆ.

ಮೊದಲ ಎರಡು ಸುತ್ತಿನಲ್ಲಿ ಡಯಲ್ ಗೇಜ್ ನಂಬಿ. ಕೊನೆಯ ಸುತ್ತಿನಲ್ಲಿ ಪೈ ಮೋಡ್‌ನ ಚಲನೆ ನಂಬಿ, ಆದರೆ ಒಂದು ಎಚ್ಚರ: ಕ್ಷೇತ್ರ ಸಮವಾಗಿದ್ದಾಗ ಮಾತ್ರ ಒಂದು ಸೆಲ್‌ನ ಬದಲಾವಣೆಯ ಒಂಬತ್ತನೇ ಒಂದು ಭಾಗ ಪೈ ಮೋಡ್‌ನಲ್ಲಿ ಕಾಣುತ್ತದೆ. ಈಗಿನ ಸ್ಥಿತಿಯಲ್ಲಿ 1ನೇ ಸೆಲ್‌ನದು 16% ಕಾಣುತ್ತದೆ, 9ನೆಯದು 6% ಮಾತ್ರ, ಏಕೆಂದರೆ ತೂಕ ಕ್ಷೇತ್ರದ ವರ್ಗಕ್ಕೆ ತಕ್ಕಂತೆ. ಕೊನೆಯ ಸುತ್ತಿನಲ್ಲಿ ಒಂದು ಸೆಲ್‌ನ 1% ಮುರಿತ ತಿದ್ದುವುದೆಂದರೆ ಪೈ ಮೋಡ್ ಬರೀ 7 ಕಿಲೋಹರ್ಟ್ಸ್ ಸರಿಯುವುದು. ಕ್ಯಾವಿಟಿ ಒಂದು ಡಿಗ್ರಿ ಬಿಸಿಯಾದರೆ ಅದಕ್ಕಿಂತ ಹೆಚ್ಚು ಸರಿಯುತ್ತದೆ. ಹಾಗಾಗಿ ಈ ಹಂತದಲ್ಲಿ ಒಂದು ಥರ್ಮೋಮೀಟರನ್ನು ನಡುವಿನ ಸೆಲ್‌ಗೇ ಅಂಟಿಸಿ, ಪ್ರತಿ ಓದಿನ ಪಕ್ಕದಲ್ಲಿ ಉಷ್ಣತೆ ಬರೆಯಿರಿ. ಕೈಗವಸು ಹಾಕಿಕೊಂಡರೂ ಅಂಗೈಯ ಬಿಸಿ ದಾಟುತ್ತದೆ. ದವಡೆ ಜೋಡಿಸಿದ ಮೇಲೆ ಒಂದಷ್ಟು ಹೊತ್ತು ಹಾಗೇ ಬಿಟ್ಟು, ಸಂಖ್ಯೆ ನಿಂತ ಮೇಲೆ ಒತ್ತಿ.

ದವಡೆಗಳು ಸ್ಟಿಫ್‌ನಿಂಗ್ ರಿಂಗ್‌ನ ಪಕ್ಕದ ಗೋಡೆಗೆ ಸುತ್ತಲೂ ಸಮನಾಗಿ ಕೂರಬೇಕು. ಮೂರು ದವಡೆಯಲ್ಲಿ ಒಂದು ಮೊದಲು ತಾಗಿದರೆ ಆ ಪಕ್ಕ ಹೆಚ್ಚು ಕುಗ್ಗಿ ಅಕ್ಷ ಬಾಗುತ್ತದೆ. ಪ್ರತಿ ಸುತ್ತಿನ ನಂತರ ಕ್ಯಾವಿಟಿಯನ್ನು ತಿರುಗಿಸಿ ಇಕ್ವೇಟರ್‌ಗಳ (ಸೆಲ್‌ಗಳ ಅತಿ ಅಗಲದ ನಡುಭಾಗಗಳ) ಓಲಾಟ ಅಳೆಯಿರಿ. ಅರ್ಧ ಮಿಮೀಗೆ ಹತ್ತಿರ ಬಂದರೆ ಅಲ್ಲೇ ನಿಲ್ಲಿಸಿ, ಮುಂದಿನ ಸುತ್ತಿನಲ್ಲಿ ಎದುರು ಪಕ್ಕ ತುಸು ಹೆಚ್ಚು ಒತ್ತಿ ತಿದ್ದಿಕೊಳ್ಳಿ. ತುದಿಯ ಸೆಲ್‌ಗಳನ್ನು ಕೊನೆಯ ಡಿಸ್ಕ್ ಹಿಡಿದೇ ಒತ್ತಬೇಕು. ಫ್ಲ್ಯಾಂಜ್ ಹಿಡಿದು ಒತ್ತಿದರೆ ಬೀಮ್ ಟ್ಯೂಬ್, ಎಚ್‌ಒಎಂ ಕಪ್ಲರ್‌ನ (ಬೇಡದ ಹೆಚ್ಚಿನ ಕಂಪನಗಳನ್ನು ಹೊರಗೆಳೆಯುವ ಭಾಗ) ಬುಡ ಸೊಟ್ಟಗಾಗುತ್ತವೆ, ಸೆಲ್‌ಗೆ ಏನೂ ಆಗಿರುವುದಿಲ್ಲ. ತುದಿ ಸೆಲ್‌ನ ಆಕಾರ ಬೇರೆಯಾದ್ದರಿಂದ 2.8 ಎಂಬ ಅಂಕಿಯೂ ಅಲ್ಲಿ ಪಕ್ಕಾ ಹೊಂದುವುದಿಲ್ಲ, ಮೊದಲ ಸುತ್ತಿನಲ್ಲೇ ಅದರ ನಿಜವಾದ ಅಂಕಿ ಸಿಗುತ್ತದೆ.

80 ಮೈಕ್ರಾನ್ ಕರಗಿಸುವ ಸಲಹೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಇಕ್ವೇಟರ್‌ನ ತ್ರಿಜ್ಯ 103 ಮಿಮೀ. ಎಲ್ಲ ಕಡೆ 1 ಮೈಕ್ರಾನ್ ದೊಡ್ಡದಾದರೆ ಕಂಪನಾಂಕ 12–13 ಕಿಲೋಹರ್ಟ್ಸ್ ಇಳಿಯಬೇಕು. 80ಕ್ಕೆ ಒಂದು ಮೆಗಾಹರ್ಟ್ಸ್. ಕಾಗದದ ಮೇಲೆ ಚೆನ್ನಾಗಿದೆ. ವಾಸ್ತವದಲ್ಲಿ ಎಲೆಕ್ಟ್ರೋಪಾಲಿಶ್‌ನಲ್ಲಿ ನಡುವಿನ ಕ್ಯಾಥೋಡ್‌ಗೆ ಐರಿಸ್ ಹತ್ತಿರ, ಇಕ್ವೇಟರ್ ದೂರ. ಐರಿಸ್ ಹೆಚ್ಚು ಸವೆಯುತ್ತದೆ. ಇಕ್ವೇಟರ್‌ನಲ್ಲಿ ಕಾಂತಕ್ಷೇತ್ರ ಪ್ರಬಲ, ಅಲ್ಲಿ ಸವೆದರೆ ಕಂಪನಾಂಕ ಇಳಿಯುತ್ತದೆ. ಐರಿಸ್‌ನಲ್ಲಿ ವಿದ್ಯುತ್ ಕ್ಷೇತ್ರ ಪ್ರಬಲ, ಅಲ್ಲಿ ಸವೆದರೆ ಏರುತ್ತದೆ. ಇಳಿಕೆಯ ಒಂದು ಪಾಲನ್ನು ಏರಿಕೆ ತಿನ್ನುತ್ತದೆ, ಸೆಲ್‌ನಿಂದ ಸೆಲ್‌ಗೆ ವ್ಯತ್ಯಾಸ ಬೇರೆ. ಕಂಪನಾಂಕ ಗುರಿ ಮುಟ್ಟಿದರೂ ನಿಮ್ಮ 1 ಮತ್ತು 5ನೇ ಸೆಲ್‌ಗಳ ತಪ್ಪು ಹಾಗೇ ಉಳಿದಿರುತ್ತದೆ. ಮೇಲಾಗಿ ಆಸಿಡ್‌ನಲ್ಲಿ ಮುಳುಗಿದ ನಯೋಬಿಯಂ ಹೈಡ್ರೋಜನ್ ಹೀರುತ್ತದೆ. ಅಷ್ಟೊಂದು ತೆಗೆದ ಮೇಲೆ 800 ಡಿಗ್ರಿಯ ಫರ್ನೇಸ್ ಮತ್ತೊಮ್ಮೆ ಬೇಕು, ಇಲ್ಲದಿದ್ದರೆ ತಣ್ಣಗಾಗುವಾಗ ಹೈಡ್ರೈಡ್ ಕಟ್ಟಿ ಕ್ಯೂ ಬಿದ್ದುಹೋಗುತ್ತದೆ. ಟ್ಯೂನಿಂಗ್‌ಗಾಗಿ ಪಾಲಿಶ್ ಮಾಡಬೇಡಿ; ಮೇಲ್ಮೈಗಾಗಿ ಮಾತ್ರ ಮಾಡಿ.

ಕೋಲ್ಡ್ ಟ್ಯೂನರ್ ಮೇಲೆ ಭಾರ ಹಾಕುವ ಮಾತಿನಲ್ಲಿ ಅರ್ಧ ಸತ್ಯವಿದೆ. ಅದರ ಸ್ಟೆಪ್ಪರ್ ಮೋಟಾರ್‌ಗೆ ಸಾಮಾನ್ಯವಾಗಿ ಅರ್ಧ ಮೆಗಾಹರ್ಟ್ಸ್‌ನಷ್ಟು ವ್ಯಾಪ್ತಿ ಇರುತ್ತದೆ, ಬೆಂಚ್ ಮೇಲೆ 30–50 ಕಿಲೋಹರ್ಟ್ಸ್ ಹೆಚ್ಚುಕಡಿಮೆಯಾದರೆ ಅದು ನುಂಗಿಕೊಳ್ಳುತ್ತದೆ. ಆದರೆ ಅದು ಇಡೀ ಕ್ಯಾವಿಟಿಯನ್ನು ಎರಡು ತುದಿಯಲ್ಲಿ ಹಿಡಿದು ಎಳೆಯುವ ಸಾಧನ. ಒಂಬತ್ತೂ ಸೆಲ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. 62% ಇದ್ದದ್ದು 62%ಯೇ ಇರುತ್ತದೆ. ಟ್ಯಾಂಕ್ ಬೆಸುಗೆ ಹಾಕಿದ ಮೇಲೆ ಒಂದೊಂದೇ ಸೆಲ್‌ಗೆ ಕೈ ಹಾಕುವ ದಾರಿ ಮುಚ್ಚಿಹೋಗುತ್ತದೆ.

62% ಹಾಗೇ ಬಿಟ್ಟರೆ ಕಳೆದುಕೊಳ್ಳುವುದು ಏನೆಂದು ಕೇಳಿದರೆ ಲೆಕ್ಕ ಸರಳ. ಬೀಮ್‌ಗೆ ಸಿಗುವುದು ಒಂಬತ್ತು ಸೆಲ್‌ಗಳ ಸರಾಸರಿ, ಕ್ವೆಂಚ್ ಆಗುವುದು (ಅತಿವಾಹಕತೆ ಕಳೆದುಕೊಳ್ಳುವುದು) ಅತಿ ಹೆಚ್ಚು ಕ್ಷೇತ್ರದ ಸೆಲ್. ನಿಮ್ಮ ಸರಾಸರಿ 81.6. 1ನೇ ಸೆಲ್ ಮೀಟರ್‌ಗೆ 30 ಮೆಗಾವೋಲ್ಟ್‌ಗೆ ಸೋತರೆ ಇಡೀ ಕ್ಯಾವಿಟಿಯಿಂದ 24.5 ಸಿಗುತ್ತದೆ. ಇನ್ನೊಂದು, ಶಕ್ತಿ ಒಳಗೆ ಕೊಡುವ ಇನ್‌ಪುಟ್ ಕಪ್ಲರ್ 9ನೇ ಸೆಲ್ ಕಡೆಗಿದ್ದರೆ ಅದರ ಜೋಡಣೆ ಇರಬೇಕಾದ್ದರ 56%ಗೆ ಇಳಿಯುತ್ತದೆ. ಆಂಟೆನಾ ಒಳಗೆ ತಳ್ಳಿ ಸರಿದೂಗಿಸಬೇಕಾಗುತ್ತದೆ. ಆದರೆ ಫ್ಲ್ಯಾಟ್‌ನೆಸ್ ಸರಿಯಾದ ಮಾತ್ರಕ್ಕೆ ಗ್ರೇಡಿಯಂಟ್ (ಮೀಟರ್‌ಗೆ ಸಿಗುವ ಮೆಗಾವೋಲ್ಟ್) ಖಾತ್ರಿಯಲ್ಲ. ಇಕ್ವೇಟರ್ ವೆಲ್ಡ್‌ನ ಪಕ್ಕ ಒಂದು ಸಣ್ಣ ಗುಳಿ ಇದ್ದರೆ, ಜೋಡಣೆಯ ವೇಳೆ ಧೂಳಿನ ಕಣ ಒಳಗೆ ಬಿದ್ದರೆ, 98% ಫ್ಲ್ಯಾಟ್ ಕ್ಯಾವಿಟಿಯೂ ಬೇಗ ಸೋಲುತ್ತದೆ. ಅವು ಬೇರೆ ಖಾತೆ. ಟ್ಯೂನಿಂಗ್ ಆದ ಮೇಲೆ ಕೊನೆಯ ಪಾಲಿಶ್‌ಗೆ ಮುನ್ನ ಒಳಗಿನ ವೆಲ್ಡ್‌ಗಳನ್ನು ಕ್ಯಾಮೆರಾ ಹಾಕಿ ನೋಡಿಬಿಡಿ.

ಮುಂದಿನ ಕ್ಯಾವಿಟಿಗೆ ಇದು ಮರುಕಳಿಸಬಾರದೆಂದರೆ ಡಂಬೆಲ್ (ಐರಿಸ್‌ನಲ್ಲಿ ಬೆಸೆದ ಎರಡು ಕಪ್‌ಗಳ ಜೋಡಿ) ಹಂತಕ್ಕೆ ಹೋಗಿ. ಒಂಬತ್ತರಲ್ಲಿ ಒಂದೆರಡು ಸೆಲ್ ತಪ್ಪಿದ್ದರೆ ಕಪ್‌ಗಳ ಸ್ಪ್ರಿಂಗ್‌ಬ್ಯಾಕ್, ಹಾಳೆಯ ದಪ್ಪದ ವ್ಯತ್ಯಾಸ ಎನ್ನಬಹುದು. ಆದರೆ ಒಂಬತ್ತೂ ಒಟ್ಟಾಗಿ 0.9 ಮೇಲಿದ್ದರೆ ಅದು ವ್ಯವಸ್ಥಿತ ತಪ್ಪು. ಇಕ್ವೇಟರ್ ಅಂಚು ಹೆಚ್ಚು ಕತ್ತರಿಸಿದರೂ, ಎಲೆಕ್ಟ್ರಾನ್ ಬೀಮ್ ವೆಲ್ಡ್ ಲೆಕ್ಕಕ್ಕಿಂತ ಹೆಚ್ಚು ಕುಗ್ಗಿದರೂ ಕಂಪನಾಂಕ ಏರುತ್ತದೆ; ಎರಡರಲ್ಲೂ ಕ್ಯಾವಿಟಿ ಗಿಡ್ಡವಾಗಿರುತ್ತದೆ. ಪಾಲಿಶ್ ಯೋಜಿಸಿದ್ದಕ್ಕಿಂತ ಕಡಿಮೆ ಆಗಿದ್ದರೆ ಕಂಪನಾಂಕ ಏರಿರುತ್ತದೆ, ಉದ್ದ ಮಾತ್ರ ಸರಿಯಿರುತ್ತದೆ. ನೀವು ಅಳೆಯಲಿರುವ ಆ ಉದ್ದವೇ ಇವೆರಡರ ನಡುವೆ ತೀರ್ಪು ಕೊಡುತ್ತದೆ. ವೆಲ್ಡ್ ಕುಗ್ಗುವಿಕೆಯನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ. ನಿಮ್ಮ ಯಂತ್ರದಲ್ಲಿ, ಅದೇ ದಪ್ಪದ ಉಂಗುರಗಳನ್ನು ಬೆಸೆದು ಅಳೆಯಿರಿ. ಡಂಬೆಲ್‌ಗಳ ಕಂಪನಾಂಕ, ಉದ್ದ ಅಳೆದು ಪ್ರತಿಯೊಂದಕ್ಕೂ ಬೇರೆಬೇರೆ ಟ್ರಿಮ್ (ಅಂಚು ಕತ್ತರಿಸುವ ಅಳತೆ) ಲೆಕ್ಕ ಹಾಕಿ. ಎಲ್ಲಕ್ಕೂ ಒಂದೇ ಟ್ರಿಮ್ ಹಾಕುವುದು ಮೊದಲ ಕ್ಯಾವಿಟಿಯಲ್ಲಿ ಎಲ್ಲರೂ ಮಾಡುವ ಉಳಿತಾಯ, ಅದರ ಬಡ್ಡಿ ಟ್ಯೂನಿಂಗ್ ಬೆಂಚ್ ಮೇಲೆ ಕಟ್ಟುತ್ತಾರೆ.

98% ಬಂದ ದಿನ ಒಂಬತ್ತೂ ಮೋಡ್‌ಗಳ ಕಂಪನಾಂಕಗಳನ್ನು ಉಷ್ಣತೆ, ಒತ್ತಡ, ತೇವಾಂಶದ ಸಮೇತ ದಾಖಲಿಸಿ. ಎಚ್‌ಒಎಂ ಕಪ್ಲರ್‌ಗಳ ನಾಚ್ ಫಿಲ್ಟರ್‌ಗಳನ್ನು (ಪೈ ಮೋಡ್ ಹೊರಹೋಗದಂತೆ ತಡೆಯುವವು) ಅದರ ನಂತರವೇ ಹೊಂದಿಸಿ, ಮೊದಲೇ ಮಾಡಿದ್ದರೆ ಮತ್ತೆ ಮಾಡಿ; ತುದಿ ಸೆಲ್ ಸರಿದಾಗ ಅವೂ ಸರಿದಿರುತ್ತವೆ. ಅಧಿಕ ಒತ್ತಡದ ನೀರಿನಿಂದ ತೊಳೆದು ಕ್ಲೀನ್‌ರೂಮ್‌ನಲ್ಲಿ ಮುಚ್ಚಿದ ಮೇಲೆ ಒಳಗೆ ದಾರವಾಗಲಿ ಮಣಿಯಾಗಲಿ ಹಾಕುವಂತಿಲ್ಲ. ಆಮೇಲೆ ಸಾಗಣೆಯಲ್ಲಿ ಅಥವಾ ಟ್ಯಾಂಕ್ ಬೆಸೆಯುವಾಗ ಏನಾದರೂ ಸರಿಯಿತೇ ಎಂದು ತಿಳಿಯಲು ಉಳಿಯುವುದು ಈ ಒಂಬತ್ತು ಸಂಖ್ಯೆಗಳ ನಡುವಿನ ಅಂತರ ಮಾತ್ರ. ಒಂಬತ್ತೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಉಷ್ಣತೆ ಅಥವಾ ಗಾಳಿ. ಅಂತರಗಳೇ ಬದಲಾಗಿದ್ದರೆ ಯಾವುದೋ ಸೆಲ್ ಸೊಟ್ಟಗಾಗಿದೆ. ಟ್ಯಾಂಕ್ ಇನ್ನೂ ಬೆಸೆದಿಲ್ಲವಾದರೆ ಅಲ್ಲೇ ಕೆಲಸ ನಿಲ್ಲಿಸಿ ಮತ್ತೆ ಬೆಂಚ್‌ಗೆ ತನ್ನಿ.